ಅರವತ್ತಾದರೆ ಅರಳುಮರಳು ಬಂದೇ ಬರುತ್ತಾ?

ನಿಮ್ಮ ತಂದೆಗೆ 68 ವರ್ಷ, ಕನ್ನಡಕ ಎಲ್ಲಿಟ್ಟೆ ಅಂತ ದಿನಾ ಹುಡುಕುತ್ತಾರೆ, ಮೆದುಳಿನ ಕೋಶಗಳು ಸಾಯುತ್ತಿವೆಯಾ ಅಂತ ಕೇಳಿದ್ದೀರಿ. ಎರಡು ವರ್ಷ ನಾನು ಒಂದು ಲ್ಯಾಬಿನಲ್ಲಿ ಇಲಿಗಳ ನೆನಪಿನ ಮೇಲೆ ಕೆಲಸ ಮಾಡಿದ್ದೇನೆ. ಅಲ್ಲಿ ಕಣ್ಣಾರೆ ಕಂಡದ್ದನ್ನೇ ಮೊದಲು ಹೇಳುತ್ತೇನೆ.

ಒಂದು ದುಂಡು ಮೇಜು, ಅಂಚಿನ ಸುತ್ತ ತೂತುಗಳು. ಒಂದೇ ಒಂದು ತೂತಿನ ಕೆಳಗೆ ಕತ್ತಲೆಯ ಪೆಟ್ಟಿಗೆ. ಮೇಲೆ ಜೋರು ಬೆಳಕು. ಇಲಿಗೆ ಬೆಳಕೂ ಆಗದು, ಬಯಲೂ ಆಗದು. ಅಡಗಲು ಪೆಟ್ಟಿಗೆ ಹುಡುಕುತ್ತದೆ. ಪ್ರತಿ ಸಲ ಮೇಜನ್ನು ಸ್ಪಿರಿಟ್ ಹಾಕಿ ಒರೆಸಬೇಕು, ಇಲ್ಲದಿದ್ದರೆ ವಾಸನೆ ಹಿಡಿದೇ ಹೋಗಿಬಿಡುತ್ತದೆ. ಕೆಲವು ದಿನಗಳಲ್ಲಿ ಎಳೆ ಇಲಿ ಗೋಡೆಯ ಗುರುತು ನೋಡಿ ನೇರ ಆ ತೂತಿಗೇ ಓಡುತ್ತದೆ. ನಮ್ಮ ಮುದಿ ಇಲಿಗಳು ಅಂಚಿಗೆ ಹೋಗಿ ಒಂದೊಂದೇ ತೂತಿಗೆ ಮೂತಿ ಇಟ್ಟು ನೋಡುತ್ತಾ ಬರುತ್ತಿದ್ದವು. ಪೆಟ್ಟಿಗೆ ಸಿಗುತ್ತಿತ್ತು, ತಡವಾಗಿ.

ಈ ಮೇಜಿನ ಪರೀಕ್ಷೆಯನ್ನು ರೂಪಿಸಿದವರು ವಿಜ್ಞಾನಿ ಕರೋಲ್ ಬಾರ್ನ್ಸ್. ಮುಂದೆ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಮೆದುಳಿನ ಮುಪ್ಪನ್ನೇ ಜೀವನದ ಕೆಲಸ ಮಾಡಿಕೊಂಡವರು. 1979ರಲ್ಲಿ ಅವರು 28ರಿಂದ 34 ತಿಂಗಳ ಮುದಿ ಇಲಿಗಳನ್ನು 10ರಿಂದ 16 ತಿಂಗಳಿನವುಗಳ ಜೊತೆ ಹೋಲಿಸಿದರು. ಹೊಸ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟು, ಕೋಶಗಳ ನಡುವಿನ ಕೊಂಡಿಗಳನ್ನು ಬಿಗಿ ಮಾಡಿದರು. ಮುದಿ ಇಲಿಗಳಲ್ಲಿ ಆ ಬಿಗಿ ಬೇಗ ಸಡಿಲವಾಯಿತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಅವರ ತಂಡದ 1997ರ ಕೆಲಸ. ಇಲಿ ಒಂದು ಜಾಗಕ್ಕೆ ಹೋದಾಗ ಹಿಪ್ಪೊಕ್ಯಾಂಪಸ್‌ನ ಕೋಶಗಳು ಸೇರಿ ಅದರ ನಕ್ಷೆ ಕಟ್ಟುತ್ತವೆ. ಹೊರಗೆ ಕರೆದೊಯ್ದು ಮತ್ತೆ ತಂದರೆ ಎಳೆ ಇಲಿಯಲ್ಲಿ ಅದೇ ನಕ್ಷೆ ಮೂಡುತ್ತದೆ. ಮುದಿ ಇಲಿಯಲ್ಲಿ ಕೆಲವು ಸಲ ಬೇರೆಯದೇ ನಕ್ಷೆ! ಜಾಗ ಅದೇ, ಕೋಶಗಳೂ ಇವೆ, ಆದರೆ ತೆರೆದುಕೊಂಡ ಹಾಳೆ ಬೇರೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಆರೋಗ್ಯವಾಗಿ ಮುಪ್ಪಾಗುವಾಗ ಕೋಶಗಳು ರಾಶಿ ರಾಶಿ ಸಾಯುವುದಿಲ್ಲ, ಕೊಂಡಿಗಳು ಸೊರಗುತ್ತವೆ. ಆದರೆ ಆಲ್ಜೈಮರ್‌ನಂಥ ಮರೆವಿನ ಕಾಯಿಲೆಗಳಲ್ಲಿ ಕೋಶಗಳೇ ಸಾಯುತ್ತವೆ. ಇವೆರಡನ್ನೂ ಒಂದೇ ಮಾಡಿ "ಅರವತ್ತಕ್ಕೆ ಅರಳುಮರಳು" ಅಂದು ಸುಮ್ನಾಗುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಇಲಿಯ ಮಾತು ನಮಗೆಷ್ಟು ಹೊಂದುತ್ತೆ ಅಂತ ನೀವು ಕೇಳಬಹುದು. ಮನುಷ್ಯರನ್ನೇ ನೋಡಬೇಕು ಅಂತ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮೆದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ಹಿಡಿದಿದ್ದಾರೆ.

ಕನ್ನಡಕ ಹುಡುಕುವುದು ಬೇರೆ, ದಿನಾ ಹಾಲು ತರುವ ಅಂಗಡಿಯಿಂದ ಮನೆಗೆ ದಾರಿ ತಪ್ಪುವುದು ಬೇರೆ ಅಲ್ವಾ? ಎರಡನೆಯದು ಕಂಡರೆ, ಅಥವಾ ಮರೆವು ಜಾಸ್ತಿಯಾಗುತ್ತಿದೆ ಅನ್ನಿಸಿದರೆ, ನರರೋಗ ವೈದ್ಯರಿಗೆ ತೋರಿಸಿ. ವಿಟಮಿನ್ ಬಿ12 ಕಡಿಮೆಯಾದರೂ, ಥೈರಾಯ್ಡ್ ತೊಂದರೆಯಿದ್ದರೂ ಮರೆವು ಬರುತ್ತದೆ, ಅವಕ್ಕೆ ಔಷಧಿ ಇದೆ. ನೀವೂ ಜೊತೆಗೆ ಹೋಗಿ. ಏನು ಮರೆತರು, ಯಾವಾಗ ಮರೆತರು ಅಂತ ಹದಿನೈದು ದಿನ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಗಿ, ಅದನ್ನು ಅಪ್ಪನಿಂದ ಹೇಳಲಾಗುವುದಿಲ್ಲ.