ಹಸಿ ಮರಕ್ಕೆ ಎಣ್ಣೆ ಬೇಡ

ಬದುವಿನ ತಡಸಲು ಮರ ಕಡಿದು ಎರಡು ದಿನವಾಯ್ತು, ತುದಿಯಲ್ಲಿ ಬಿರುಕು ಕಾಣ್ತಿದೆ, ಬಿಲ್ಲು ಮಾಡಲು ಎಣ್ಣೆ ಸವರಿ ಇಡಲಾ ಅಂತ ಕೇಳಿದ್ದೀರಿ. ಮರದೊಳಗಿನ ನೀರು ಬೇಗ ಆರೋದನ್ನು ಎಣ್ಣೆ ಅಷ್ಟಾಗಿ ತಡೆಯಲ್ಲ. ನೀರು ಬೇಗ ಆರೋದು ಕೊಯ್ದ ತುದಿಗಳಿಂದ, ಬಿರುಕೂ ಅಲ್ಲಿಂದಲೇ. ಬಿರುಕಿನಷ್ಟು ಕೊಯ್ದು ತೆಗೆದು ತಕ್ಷಣ ಫೆವಿಕಾಲ್ ದಪ್ಪಗೆ ಎರಡು ಸಲ ಬಳಿಯಿರಿ. ತೊಗಟೆ ಸುಲಿದಿದ್ದರೆ ಬಿಲ್ಲಿನ ಬೆನ್ನಾಗುವ (ಬಿಲ್ಲು ಹಿಡಿದಾಗ ನಮ್ಮಿಂದ ಆಚೆಗಿರುವ) ಕಡೆಗೂ ಬಳಿಯಬೇಕು. ಆಮೇಲೆ ಉದ್ದಕ್ಕೆ ಸೀಳಿ ನೆರಳಲ್ಲಿಡಿ.

ನಮ್ಮ ಚಿತ್ರದುರ್ಗದ ಒಣಗಾಳಿ ಗೊತ್ತಲ್ವಾ! ಏಪ್ರಿಲ್‌ನಲ್ಲಿ ಒಂದು ತುಂಡನ್ನು ಸುಮ್ನೆ ತಾರಸಿ ಮೇಲೆ ಬಿಟ್ಟಿದ್ದೆ. ಸಂಜೆಗೆ ಉಗುರು ತೂರುವಷ್ಟು ಸೀಳಿತ್ತು. ಒಲೆಗೆ ಹೋಯ್ತು.

ವಾರಕ್ಕೊಮ್ಮೆ ತೂಕ ಮಾಡಿ, ಮರದ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡಿ. ಮೂರ್ನಾಲ್ಕು ವಾರ ತೂಕ ಇಳಿಯದಿದ್ದರೆ ಉಳಿ ಹಿಡಿಯಬಹುದು. ಅದಕ್ಕೂ ಮೊದಲು ಬಗ್ಗಿಸಿದರೆ ಬಿಲ್ಲು ಬಾಗಿದಂತೆಯೇ ನಿಂತುಬಿಡುತ್ತದೆ.