ವೀಣೆ ಹಿಡಿದಿದ್ದ ಕೈಗೆ ಗಿಟಾರ್

ಪ್ರಶ್ನೆ: ನನಗೀಗ 62 ವರ್ಷ, ಪ್ರೌಢಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾಗಿದ್ದೇನೆ. ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮಗ ಬಿಟ್ಟುಹೋದ ಗಿಟಾರ್ ಏಳೆಂಟು ವರ್ಷ ಅಟ್ಟದ ಮೇಲಿತ್ತು. ಭಾವಗೀತೆಗಳನ್ನು ನುಡಿಸಿಕೊಂಡು ಹಾಡುವ ಆಸೆಯಿಂದ ಅದನ್ನು ಇಳಿಸಿ, ಮೂರು ತಿಂಗಳಿನಿಂದ ತರಗತಿಗೆ ಹೋಗುತ್ತಿದ್ದೇನೆ. ತಂತಿ ಒತ್ತಿದರೆ ಬೆರಳ ತುದಿ ಉರಿಯುತ್ತದೆ, ಎಫ್ ಕಾರ್ಡ್ (ಹಲವು ತಂತಿ ಒತ್ತಿ ಒಟ್ಟಿಗೆ ನುಡಿಸುವ ಸ್ವರಗುಚ್ಛ) ಕೈಗೆ ಹತ್ತುತ್ತಿಲ್ಲ, ಜೊತೆಯ ಮಕ್ಕಳು ಮುಂದೆ ಹೋಗಿದ್ದಾರೆ. ಬಾಲ್ಯದಲ್ಲಿ ಎರಡು ವರ್ಷ ವೀಣೆ ಕಲಿತಿದ್ದೆ. ಈ ವಯಸ್ಸಿನಲ್ಲಿ ಬಿಟ್ಟುಬಿಡುವುದೇ ಲೇಸೇ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ದಯವಿಟ್ಟು ಬಿಡಬೇಡಿ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಅಟ್ಟದಿಂದ ಇಳಿದ ಆ ಗಿಟಾರಿನ ಮೇಲೆಯೇ. ಉಕ್ಕಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ ಇರುತ್ತದೆ. ಬಿಸಿಲಿಗೂ ಮಳೆಗಾಲದ ತೇವಕ್ಕೂ ಸಿಕ್ಕಿ ವರ್ಷಗಟ್ಟಲೆ ಇದ್ದ ವಾದ್ಯದ ನೆಕ್ (ಕೈಯಲ್ಲಿ ಹಿಡಿಯುವ ಉದ್ದನೆಯ ಭಾಗ) ಆ ಎಳೆತಕ್ಕೆ ಬಾಗಿ, ತಂತಿಗಳು ಹಲಗೆಯಿಂದ ಮೇಲೆದ್ದು ನಿಲ್ಲುತ್ತವೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಹನ್ನೆರಡನೆಯ ಫ್ರೆಟ್‌ನ (ನೆಕ್‌ನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಯ) ಮೇಲೆ ಎಟಿಎಂ ಕಾರ್ಡ್‌ಗಳನ್ನು ಒಂದರ ಮೇಲೊಂದು ಇಟ್ಟು, ಅತಿ ದಪ್ಪದ ತಂತಿಯ ಕೆಳಗೆ ತೂರಿಸಿ. ಮೂರು ಎಟಿಎಂ ಕಾರ್ಡ್ ಹಿಡಿದರೆ ಸರಿಯಾಗಿದೆ. ನಾಲ್ಕು ಸಲೀಸಾಗಿ ಹೋದರೆ ತಂತಿ ಎತ್ತರವಾಗಿದೆ ಎಂದರ್ಥ, ಅಂಥ ವಾದ್ಯದಲ್ಲಿ ಇಪ್ಪತ್ತರ ಹುಡುಗನ ಬೆರಳೂ ಉರಿಯುತ್ತದೆ. ವಾದ್ಯ ರಿಪೇರಿ ಮಾಡುವವರಲ್ಲಿಗೆ ಒಯ್ದು ನೆಕ್ ಸರಿಪಡಿಸಿ ತಂತಿಯ ಎತ್ತರ ಇಳಿಸಲು ಹೇಳಿ, ತುಕ್ಕು ಹಿಡಿದ ತಂತಿಗಳನ್ನು ತೆಗೆಸಿ 10ರ ಗೇಜಿನ ತೆಳು ಸೆಟ್ ಹಾಕಿಸಿ. ಮೆದುವಾಗಿರುತ್ತದೆಂದು ಅದೇ ಗಿಟಾರಿಗೆ ನೈಲಾನ್ ತಂತಿ ಕಟ್ಟಿಸಬೇಡಿ. ಅದಕ್ಕೆ ಬೇರೆಯೇ ಗಿಟಾರ್ ಇದೆ.

ಇಷ್ಟಾದ ಮೇಲೂ ಮೊದಲ ಮೂರು ನಾಲ್ಕು ವಾರ ಬೆರಳ ತುದಿ ನೋಯುವುದು ಸಹಜ, ಚರ್ಮ ಗಟ್ಟಿಯಾಗಲು ಅಷ್ಟು ಕಾಲ ಬೇಕು. ಪಾತ್ರೆ ತೊಳೆದ ಕೈಯಲ್ಲಿ ತಕ್ಷಣ ನುಡಿಸಬೇಡಿ, ನೆನೆದ ಚರ್ಮಕ್ಕೆ ತಂತಿ ಬೇಗ ಇಳಿಯುತ್ತದೆ. ಒಮ್ಮೆಲೇ ಒಂದು ಗಂಟೆ ಕೂರುವುದಕ್ಕಿಂತ ಬೆಳಿಗ್ಗೆ ಸಂಜೆ ಹದಿನೈದು ನಿಮಿಷ ಕುಳಿತರೆ ಕೈ ಹೆಚ್ಚು ಕಲಿಯುತ್ತದೆ. ಬೆರಳು ಜೋಮು ಹಿಡಿಯುತ್ತಿದ್ದರೆ, ಮಡಿಸಿದ ಬೆರಳು ಸಿಕ್ಕಿಕೊಂಡಂತಾಗುತ್ತಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ವೈದ್ಯರಿಗೆ ತೋರಿಸದೆ ಮುಂದುವರಿಸಬೇಡಿ.

ನೀವು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿರುವ ವೀಣೆಯ ಮಾತು ನನಗೆ ಅತ್ಯಂತ ಮುಖ್ಯವಾಗಿ ಕಂಡಿತು. ವೀಣೆಯ 24 ಮೆಟ್ಟಿಲುಗಳು ಸ್ಥಾಯಿಗೆ ಹನ್ನೆರಡರಂತೆ ಇವೆಯಲ್ಲವೇ? ಗಿಟಾರಿನ ಲೆಕ್ಕವೂ ಅದೇ, ಬಿಟ್ಟ ತಂತಿ ಷಡ್ಜವಾದರೆ ಹನ್ನೆರಡನೆಯ ಫ್ರೆಟ್‌ನಲ್ಲಿ ತಾರಷಡ್ಜ. ತಂತಿಗಳನ್ನು ಮಾತ್ರ ಸ–ಪ ಕ್ರಮದಲ್ಲಿ ಶ್ರುತಿ ಮಾಡದೆ, ಒಂದರಿಂದ ಇನ್ನೊಂದಕ್ಕೆ ಶುದ್ಧ ಮಧ್ಯಮದ (ಸ–ಮ) ದೂರ ಇಟ್ಟಿರುತ್ತಾರೆ. ಮೂರನೆಯ ಮತ್ತು ಎರಡನೆಯ ತಂತಿಯ ನಡುವೆ ಮಾತ್ರ ಅಂತರಗಾಂಧಾರದ (ಸ–ಗ) ದೂರ. ತರಗತಿಯ ಮಕ್ಕಳು ಉರು ಹೊಡೆಯುವ ಈ ವಿಷಯ ನಿಮ್ಮ ಕಿವಿಗೆ ಆಗಲೇ ಗೊತ್ತು. ಆದರೆ ಗಮಕಕ್ಕೆ ತಂತಿಯನ್ನು ಪಕ್ಕಕ್ಕೆಳೆಯುವ ವೀಣೆಯ ಅಭ್ಯಾಸವನ್ನು ಕಾರ್ಡ್ ಹಿಡಿಯುವಾಗ ಬಿಡಬೇಕು, ಎಳೆದರೆ ಸ್ವರ ಏರಿ ಕಾರ್ಡ್ ಕೆಡುತ್ತದೆ. ಫ್ರೆಟ್‌ಗೆ ತೀರಾ ಹತ್ತಿರ, ಅದರ ಹಿಂಬದಿಯಲ್ಲಿ, ನೇರವಾಗಿ ಒತ್ತಿ. ಅರ್ಧ ಬಲ ಸಾಕಾಗುವುದನ್ನು ನೀವೇ ಕಾಣುತ್ತೀರಿ.

ಎಫ್ ಕಾರ್ಡನ್ನು ಸದ್ಯಕ್ಕೆ ಪಕ್ಕಕ್ಕಿಡಿ. ತೋರುಬೆರಳೊಂದರಿಂದಲೇ ಆರೂ ತಂತಿಗಳನ್ನು ಒತ್ತುವ ಆ ಹಿಡಿತವನ್ನು ಹೊಸಬರ ಮುಂದೆ ಪರೀಕ್ಷೆಯಂತೆ ಇಡುವ ಕಲಿಸುವ ಕ್ರಮ ನನಗೆ ಒಪ್ಪಿಗೆಯಿಲ್ಲ. ಜಿ, ಸಿ, ಡಿ, ಇ ಮೈನರ್ ಈ ನಾಲ್ಕರಿಂದ ಎಷ್ಟೋ ಭಾವಗೀತೆಗಳಿಗೆ ಜೊತೆ ಕೊಡಬಹುದು. ನಿಮ್ಮ ದನಿ ಐದೂವರೆ ಮನೆ ಶ್ರುತಿಯದಾದರೆ (ಜಿಗಿಂತ ಅರ್ಧ ಸ್ವರ ಮೇಲೆ) ಮೊದಲ ಫ್ರೆಟ್‌ನಲ್ಲಿ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಸಿಕ್ಕಿಸಿ ಅದೇ ಜಿ ಆಕಾರವನ್ನು ಹಿಡಿದರಾಯಿತು, ಹೊಸ ಕಾರ್ಡ್ ಕಲಿಯುವ ಅಗತ್ಯವೇ ಬರುವುದಿಲ್ಲ. ನಿಮಗೆ ಬಾಯಿಪಾಠವಿರುವ ಒಂದೇ ಒಂದು ಹಾಡನ್ನು ಆರಿಸಿಕೊಂಡು, ಪಲ್ಲವಿಯನ್ನಷ್ಟೇ ನಿಧಾನವಾಗಿ ಹಾಡುತ್ತಾ ಎರಡು ಕಾರ್ಡ್‌ಗಳ ನಡುವೆ ಕೈ ಬದಲಿಸಿ. ಮಕ್ಕಳ ಗುಂಪಿನ ಬದಲು ವಾರಕ್ಕೆ ಅರ್ಧ ಗಂಟೆ ನಿಮಗೊಬ್ಬರಿಗೇ ಪಾಠ ಹೇಳಿಕೊಡಲು ಸಾಧ್ಯವೇ ಎಂದು ನಿಮ್ಮ ಮೇಷ್ಟರನ್ನು ಈ ವಾರವೇ ಕೇಳಿ, ಆ ಹಾಡನ್ನೇ ಅವರ ಮುಂದಿಡಿ.