ಹಳ್ಳಿಗೆ ಆರು ದಾಂಗ್, ಸಚಿವರಿಗೆ ಇಪ್ಪತ್ತೆರಡು ತಿಂಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

1961ರಿಂದ 1963ರವರೆಗೆ ಇರಾನಿನ ಕೃಷಿ ಸಚಿವರಾಗಿದ್ದ ಹಸನ್ ಅರ್ಸಂಜಾನಿ ಕುರಿತು ಕಳೆದ ಸಂಚಿಕೆಯಲ್ಲಿ ಚಿಕ್ಕ ಟಿಪ್ಪಣಿ ಹಾಕಿದ್ದೆವು. ಜಮೀನ್ದಾರನಿಗೆ ಒಂದೇ ಒಂದು ಹಳ್ಳಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಉಳುವವರಿಗೆ ಕೊಡಿಸಿದವರು ಅವರು ಎಂಬುದು ಅದರ ಸಾರ. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಇರಾನಿನಲ್ಲಿ ಭೂಮಿ ಹಂಚಿದ್ದು ಶಾ ಎಂದೇ ನಾವು ಓದಿದ್ದು. ಈ ಸಚಿವರ ಪಾಲು ಅದರಲ್ಲಿ ಎಷ್ಟು? (ತೀರ್ಥಹಳ್ಳಿಯಿಂದ)

ಕಾನೂನಿನ ಚೌಕಟ್ಟು, ಕೆಲಸದ ವೇಗ, ಜಮೀನ್ದಾರರ ಮೇಲೆ ಹರಿಹಾಯ್ದ ಭಾಷಣ ಎಲ್ಲ ಅರ್ಸಂಜಾನಿಯವರದು. ಹಕ್ಕುಪತ್ರ ಕೊಡುವ ಫೋಟೊಗಳಲ್ಲಿ ಇರುವವರು ಶಾ, ಅಂದರೆ ಇರಾನಿನ ದೊರೆ, ಮುಹಮ್ಮದ್ ರೆಝಾ. ಶಾ 1951ರಿಂದಲೇ ಅರಮನೆಯ ಜಮೀನನ್ನು ರೈತರಿಗೆ ಮಾರುತ್ತ ಬಂದಿದ್ದರು ಎಂಬುದೂ ನಿಜ. ಆದರೆ ಅದು ಸ್ವಂತ ಆಸ್ತಿಯ ವಿಲೇವಾರಿ. ಇನ್ನೊಬ್ಬರ ಆಸ್ತಿಗೆ ಕೈಹಾಕಿದ ಕಾನೂನು ಬೇರೆಯೇ.

ಆ ಕಾನೂನು ಹುಟ್ಟಿದ ರೀತಿ ಗಮನಿಸಿ. 1960ರಲ್ಲಿ ಮಜ್ಲಿಸ್, ಅಂದರೆ ಅಲ್ಲಿನ ಸಂಸತ್ತು, ಒಂದು ಭೂಸುಧಾರಣಾ ಕಾನೂನು ಪಾಸು ಮಾಡಿತ್ತು. ಮಿತಿ 400 ಹೆಕ್ಟೇರ್ ನೀರಾವರಿ ಅಥವಾ 800 ಹೆಕ್ಟೇರ್ ಖುಷ್ಕಿ. ನೀರಾವರಿಯೇ ಸುಮಾರು 990 ಎಕರೆ ಆಯಿತು! ಮಜ್ಲಿಸ್ ತುಂಬ ಜಮೀನ್ದಾರರೇ ಇದ್ದರು, ಇನ್ನೇನಾದೀತು. ಮೇ 1961ರಲ್ಲಿ ಅಲಿ ಅಮೀನಿ ಪ್ರಧಾನಿಯಾದರು, ಮಜ್ಲಿಸ್ ವಿಸರ್ಜನೆಯಾಯಿತು. ಖುದ್ದು ಅಮೀನಿಯವರೇ ಖಜಾರ್ ರಾಜಮನೆತನದ ಕುಡಿ, ದೊಡ್ಡ ಜಮೀನಿನ ಕುಟುಂಬದವರು. ಕೃಷಿ ಖಾತೆ ಪಡೆದ ಅರ್ಸಂಜಾನಿ ವಕೀಲರು, ಪತ್ರಕರ್ತರು. ಹೊಸ ಕಾನೂನು ತರುವ ಬದಲು 1960ರ ಕಾನೂನಿಗೇ ‘ತಿದ್ದುಪಡಿ’ ಎಂದು ಹೆಸರಿಟ್ಟು, ಒಳಗಿನದೆಲ್ಲ ಬದಲಿಸಿ, 1962ರ ಜನವರಿ 9ರಂದು ಸಂಪುಟದಲ್ಲೇ ಅಂಗೀಕಾರ ಪಡೆದರು. ವಕೀಲಿ ಬುದ್ಧಿ ಕೆಲಸ ಮಾಡಿದ್ದು ಇಲ್ಲಿ.

ನಮ್ಮಲ್ಲಿ ಎಕರೆ, ಯೂನಿಟ್ ಲೆಕ್ಕದಲ್ಲಿ ಮಿತಿ ಇತ್ತು. ಅಲ್ಲಿ ಹಳ್ಳಿ ಲೆಕ್ಕ ಯಾಕೆ? (ಉಡುಪಿಯಿಂದ)

ಎಕರೆ ಲೆಕ್ಕಕ್ಕೆ ಅಳತೆ ಬೇಕು. ಕರ್ನಾಟಕದಲ್ಲಿ 1974ರ ತಿದ್ದುಪಡಿ ಹತ್ತು ಯೂನಿಟ್ ಎಂದಾಗ, ಅಂದರೆ ಉತ್ತಮ ನೀರಾವರಿಯಾದರೆ 10 ಎಕರೆ, ಕೊನೆಯ ದರ್ಜೆಯ ಖುಷ್ಕಿಯಾದರೆ 54 ಎಕರೆ ಎಂದಾಗ, ಸರ್ವೆ ನಂಬರು, ಪಹಣಿ, ಟಿಪ್ಪಣಿ ಎಲ್ಲ ತಾಲೂಕು ಕಚೇರಿಯಲ್ಲಿ ಇದ್ದವು. ಇರಾನಿನ ಬಹುಪಾಲು ಹಳ್ಳಿಗಳಿಗೆ ಹೊಲಹೊಲದ ಅಳತೆಯೇ ಆಗಿರಲಿಲ್ಲ. ಅಳೆಯುತ್ತ ಕೂತರೆ ವರ್ಷಗಟ್ಟಲೆ ಬೇಕು, ಅಷ್ಟರಲ್ಲಿ ಸರಕಾರವೇ ಹೋಗಿರುತ್ತದೆ. 1960ರ ಕಾನೂನು ಸತ್ತದ್ದಕ್ಕೆ ಇದೂ ಒಂದು ಕಾರಣ.

ಅರ್ಸಂಜಾನಿ ಹಿಡಿದದ್ದು ಆಗಲೇ ಬಳಕೆಯಲ್ಲಿದ್ದ ಅಳತೆಯನ್ನು. ಇರಾನಿನಲ್ಲಿ ಯಾವುದೇ ಆಸ್ತಿಯ ಪೂರ್ಣ ಒಡೆತನ ಎಂದರೆ ಆರು ದಾಂಗ್. ಅರ್ಧ ಹಳ್ಳಿ ಇದ್ದವನಿಗೆ ಮೂರು ದಾಂಗ್. ಒಬ್ಬ ಮಾಲೀಕ ಒಟ್ಟು ಆರು ದಾಂಗ್ ಮಾತ್ರ ಇಟ್ಟುಕೊಳ್ಳಬಹುದು. ಒಂದೇ ಹಳ್ಳಿ ಪೂರ್ತಿ, ಇಲ್ಲವೇ ಬೇರೆ ಬೇರೆ ಹಳ್ಳಿಗಳಲ್ಲಿ ಚದುರಿದ ಪಾಲು ಸೇರಿ ಅಷ್ಟು. ಇಪ್ಪತ್ತು, ಮೂವತ್ತು ಹಳ್ಳಿ ಇದ್ದವನ ಲೆಕ್ಕ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ತೂತುಗಳೂ ಇದ್ದವು. ಯಾವ ಹಳ್ಳಿ ಉಳಿಸಿಕೊಳ್ಳಬೇಕು ಎನ್ನುವ ಆಯ್ಕೆ ಮಾಲೀಕನದೇ, ಹಾಗಾಗಿ ನೀರು ಚೆನ್ನಾಗಿರುವ ಹಳ್ಳಿ ಅವನಿಗೇ ಉಳಿಯಿತು. ಮಿತಿ ಕುಟುಂಬಕ್ಕಲ್ಲ, ಒಬ್ಬೊಬ್ಬ ಮಾಲೀಕನಿಗೆ. ಮೊದಲೇ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಟ್ಟಿದ್ದ ಮನೆಗಳಲ್ಲಿ ನಾಲ್ಕೈದು ಹಳ್ಳಿ ಉಳಿದವು. ಹಣ್ಣಿನ ತೋಟ, ಚಹಾ ತೋಟ, ಕೂಲಿ ಕೊಟ್ಟು ಟ್ರ್ಯಾಕ್ಟರಿನಲ್ಲಿ ಉಳುಮೆ ಮಾಡಿಸುವ ಜಮೀನು ಇವಕ್ಕೆ ವಿನಾಯಿತಿ. ರಾತ್ರೋರಾತ್ರಿ ಟ್ರ್ಯಾಕ್ಟರ್ ತಂದು ನಿಲ್ಲಿಸಿ ‘ಇದು ಯಾಂತ್ರಿಕ ಕೃಷಿ’ ಎಂದವರೂ ಇದ್ದರು.

ಪರಿಹಾರದ ಬೆಲೆ ಹೇಗೆ ಕಟ್ಟಿದರು? ದುಡ್ಡು ಯಾರು ಕೊಟ್ಟರು? (ಮಂಡ್ಯದಿಂದ)

ಮಾಲೀಕ ಸರಕಾರಕ್ಕೆ ಕಟ್ಟುತ್ತಿದ್ದ ಭೂತೆರಿಗೆಯನ್ನು ಒಂದು ಗುಣಾಂಕದಿಂದ ಗುಣಿಸಿದರೆ ಬಂದದ್ದೇ ಬೆಲೆ. ಪ್ರದೇಶ, ಬೆಳೆ, ಪಾಲಿನ ಪದ್ಧತಿ ನೋಡಿ ಗುಣಾಂಕ ಬದಲಾಗುತ್ತಿತ್ತು. ಮಾರುಕಟ್ಟೆ ಬೆಲೆ ಕೇಳುವ ಹಾಗೇ ಇಲ್ಲ. ದಶಕಗಳಿಂದ ಇಳುವರಿ ಕಡಿಮೆ ತೋರಿಸಿ ತೆರಿಗೆ ಉಳಿಸಿದವರಿಗೆ ಅದೇ ಹಳೆಯ ರಸೀದಿ ಈಗ ತಿರುಗಿ ಹೊಡೆಯಿತು. ‘ಬೆಲೆ ಕಡಿಮೆಯಾಯಿತು’ ಎಂದು ತಕರಾರು ತೆಗೆದರೆ ‘ಇಷ್ಟು ವರ್ಷ ತೆರಿಗೆ ವಂಚಿಸಿದ್ದೇನೆ’ ಎಂದು ಒಪ್ಪಿಕೊಂಡಂತೆ. ಇಡೀ ಕಾನೂನಿನಲ್ಲಿ ನಮಗೆ ಅತ್ಯಂತ ಚುರುಕಾಗಿ ಕಾಣುವ ಕಲಮು ಇದು.

ಲೆಕ್ಕ ತಿಳಿಯಲು ಒಂದು ಉದಾಹರಣೆ ಹಾಕೋಣ, ಅಂಕಿಗಳು ಕಲ್ಪಿತ. ಹಳ್ಳಿಯ ತೆರಿಗೆ 1,000 ರಿಯಾಲ್, ಗುಣಾಂಕ 120 ಎಂದುಕೊಳ್ಳಿ. ಬೆಲೆ 1,20,000 ರಿಯಾಲ್. ಕಾನೂನಿನ ಪ್ರಕಾರ ಮಾಲೀಕನಿಗೆ ಹತ್ತು ವಾರ್ಷಿಕ ಕಂತು, ವರ್ಷಕ್ಕೆ 12,000. ರೈತರು ಖರ್ಚಿನ ಬಾಬ್ತು ಶೇ. 10ರವರೆಗೆ ಸೇರಿಸಿ ಹದಿನೈದು ಕಂತಿನಲ್ಲಿ ತೀರಿಸಬೇಕು: 1,32,000 ಭಾಗಿಸು 15, ವರ್ಷಕ್ಕೆ 8,800. ಎಲ್ಲರೂ ತಪ್ಪದೆ ಕಟ್ಟಿದರೂ ಮೊದಲ ಹತ್ತು ವರ್ಷ ಪ್ರತಿ ವರ್ಷ 3,200 ರಿಯಾಲ್ ಖಜಾನೆಯಿಂದ ಹೋಗಬೇಕು. ಒಂದು ಹಳ್ಳಿಗೆ ಇದು ಚಿಲ್ಲರೆ. ಸಾವಿರಾರು ಹಳ್ಳಿಗೆ ಗುಣಿಸಿ ನೋಡಿ. ಆಮೇಲೆ ಮಾಲೀಕರ ಕಂತನ್ನೂ ಹದಿನೈದು ವರ್ಷಕ್ಕೆ ಎಳೆದದ್ದು, ಸರಕಾರಿ ಕಾರ್ಖಾನೆಗಳ ಷೇರು ಮಾರಿ ಹಣ ಹೊಂದಿಸಲು ಹೊರಟದ್ದು ಯಾಕೆಂದು ಈ ಲೆಕ್ಕದಲ್ಲೇ ಇದೆ.

ನಮ್ಮ ನಮೂನೆ 7ರಂತೆ ಅಲ್ಲಿ ರೈತ ಅರ್ಜಿ ಹಾಕಬೇಕಿತ್ತೇ? ನ್ಯಾಯಮಂಡಳಿ ಇತ್ತೇ? (ಸಿರಸಿಯಿಂದ)

ಇಲ್ಲ. ದೇವರಾಜ ಅರಸು ಕಾಲದ ನಮ್ಮ ಕಾನೂನಿನಲ್ಲಿ ಗೇಣಿ ಜಮೀನು 1974ರ ಮಾರ್ಚ್ 1ಕ್ಕೆ ಸರಕಾರದಲ್ಲಿ ನಿಹಿತವಾಯಿತು. ಆದರೆ ಅಧಿಭೋಗದ ಹಕ್ಕು ಬೇಕಾದ ಗೇಣಿದಾರ ತಾನೇ ಅರ್ಜಿ ಹಾಕಬೇಕು, ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯ ತಾಲೂಕು ಭೂನ್ಯಾಯಮಂಡಳಿ ಮುಂದೆ ಸಾಬೀತು ಮಾಡಬೇಕು. ಒಡೆಯರ ಮುಲಾಜಿಗೋ ಹೆದರಿಕೆಗೋ 1979ರ ಜೂನ್ 30ರೊಳಗೆ ನಮೂನೆ 7 ಕೊಡದವರು ಕೈಚೆಲ್ಲಿ ಕೂರಬೇಕಾಯಿತು.

ಇರಾನಿನಲ್ಲಿ ಹೊಣೆ ಮಾಲೀಕನ ಮೇಲಿತ್ತು. ಒಂದು ಜಿಲ್ಲೆಯಲ್ಲಿ ಕಾನೂನು ಜಾರಿ ಎಂದು ಘೋಷಣೆಯಾದ ಮೇಲೆ ಅವನೇ ತನ್ನ ಹಳ್ಳಿಗಳ ಪಟ್ಟಿ ಕೊಟ್ಟು, ಯಾವುದನ್ನು ಉಳಿಸಿಕೊಳ್ಳುತ್ತೇನೆ ಎಂದು ಬರೆದುಕೊಡಬೇಕು. ಅಧಿಕಾರಿಗಳು ತೆರಿಗೆ ಕಡತ ನೋಡಿ ಬೆಲೆ ಕಟ್ಟುತ್ತಾರೆ. ಆಮೇಲೆ ಹಳ್ಳಿಗೆ ಹೋಗಿ ಯಾರು ಎಷ್ಟು ಪಾಲು ಉಳುತ್ತಿದ್ದಾರೆ ಎಂದು ಬರೆದುಕೊಳ್ಳುತ್ತಾರೆ. ಸಹಕಾರ ಸಂಘ ಮಾಡಿಸುತ್ತಾರೆ; ಸದಸ್ಯನಾಗದವನಿಗೆ ಜಮೀನಿಲ್ಲ. ಕೊನೆಗೆ ಪತ್ರ. ಮಾಲೀಕ ಸಹಿ ಹಾಕಲು ಹಾಜರಾಗದಿದ್ದರೆ ಅವನ ಬದಲಿಗೆ ಸರಕಾರಿ ಪ್ರತಿನಿಧಿ ಸಹಿ ಹಾಕಿ ಕೆಲಸ ಮುಂದುವರಿಸಬಹುದಿತ್ತು.

ಇನ್ನೊಂದು ವ್ಯತ್ಯಾಸ ನಮ್ಮವರಿಗೆ ವಿಚಿತ್ರ ಅನಿಸಬಹುದು. ಆ ಹಕ್ಕುಪತ್ರದಲ್ಲಿ ಚೆಕ್ಕುಬಂದಿ ಇಲ್ಲ. ಅನೇಕ ಹಳ್ಳಿಗಳಲ್ಲಿ ರೈತನಿಗೆ ಗೊತ್ತುಮಾಡಿದ ಹೊಲವೇ ಇರುತ್ತಿರಲಿಲ್ಲ. ಒಂದು ಜೋಡಿ ಎತ್ತು ಉಳುವಷ್ಟು ಭೂಮಿಯ ಲೆಕ್ಕದಲ್ಲಿ ಪಾಲು ಇರುತ್ತಿತ್ತು, ಕಾಲಕಾಲಕ್ಕೆ ಚೀಟಿ ಎತ್ತಿ ಹೊಲ ಬದಲಿಸಿಕೊಳ್ಳುತ್ತಿದ್ದರು. ಈ ಉಳುವ ಹಕ್ಕಿಗೆ ನಸಕ್ ಎನ್ನುತ್ತಾರೆ. ನಸಕ್ ಎಷ್ಟೋ ಅಷ್ಟು ಅಂಶದ ಜಂಟಿ ಒಡೆತನ, ಅಷ್ಟೇ ಪತ್ರದಲ್ಲಿ ಬಂದದ್ದು. ಬದು ಎಲ್ಲಿ ಎಂದು ಕೇಳಿದರೆ ಊರಿನವರೇ ಹೇಳಬೇಕು.

ಹಾಗಾದರೆ ಕೂಲಿಯವರಿಗೆ? (ರಾಯಚೂರಿನಿಂದ)

ಬಹುಪಾಲು ಏನೂ ಸಿಗಲಿಲ್ಲ. ನಸಕ್ ಇಲ್ಲದ ಹಳ್ಳಿಗರನ್ನು ಖೋಶ್‌ನಶೀನ್ ಎನ್ನುತ್ತಿದ್ದರು. ಅವರಲ್ಲಿ ಅಂಗಡಿಯವರು, ಕಮ್ಮಾರರು ಇದ್ದರೂ ಬಹಳ ಮಂದಿ ಕೂಲಿಗಳೇ. ಇರುವ ಪಟ್ಟಿಯನ್ನೇ ಬಳಸಿ ಬೇಗ ಹಂಚುವುದು ಎಂದರೆ ಪಟ್ಟಿಯಲ್ಲಿ ಇಲ್ಲದವರನ್ನು ಬಿಡುವುದು ಎಂದೇ ಅರ್ಥ. ಅರ್ಸಂಜಾನಿಯವರ ವೇಗವನ್ನು ಹೊಗಳುವವರು ಈ ಸಾಲನ್ನೂ ಓದಬೇಕು. ಮುಂದೆ ಇವರಲ್ಲಿ ಎಷ್ಟೋ ಕುಟುಂಬಗಳು ತೆಹ್ರಾನಿನ ಅಂಚಿನ ಬಡಾವಣೆಗಳನ್ನು ಸೇರಿದವು.

ಮೊದಲ ಹಂಚಿಕೆ ಮರಾಘೆಯಲ್ಲಿ ಯಾಕೆ? (ದಾವಣಗೆರೆಯಿಂದ)

ಮರಾಘೆ ಇರುವುದು ವಾಯವ್ಯದ ಅಜರ್‌ಬೈಜಾನ್ ಪ್ರಾಂತದಲ್ಲಿ. 1945–46ರಲ್ಲಿ ಸೋವಿಯತ್ ಬೆಂಬಲದ ಸ್ವಾಯತ್ತ ಸರಕಾರ ಅಲ್ಲಿ ಸ್ವಲ್ಪ ಭೂಮಿ ಹಂಚಿತ್ತು, ರೈತರಿಗೆ ಅದರ ನೆನಪಿತ್ತು. ಒಬ್ಬೊಬ್ಬರೇ ಹಲವು ಹಳ್ಳಿ ಹಿಡಿದಿದ್ದ ಮಾಲೀಕರೂ ಅಲ್ಲಿದ್ದರು. ಇಡೀ ದೇಶದಲ್ಲಿ ಏಕಕಾಲಕ್ಕೆ ಆರಂಭಿಸಿದರೆ ಸಿಬ್ಬಂದಿ ಸಾಲದು. ಒಂದು ಕಡೆ ಮಾಡಿ ತೋರಿಸಿದರೆ ಪಕ್ಕದ ಜಿಲ್ಲೆಯ ರೈತರು ತಾವಾಗಿ ‘ನಮ್ಮಲ್ಲಿ ಯಾವಾಗ?’ ಎಂದು ಕೇಳುತ್ತಾರೆ. ಕಾನೂನಾಗಿ ಎರಡು ತಿಂಗಳಿಗೇ, ಮಾರ್ಚ್ 1962ರಲ್ಲಿ, ಅಲ್ಲಿ ಪತ್ರ ಹಂಚಿದರು. ಎಲ್ಲೆಡೆ ಇಷ್ಟು ಸಲೀಸಾಗಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಫಾರ್ಸ್ ಪ್ರಾಂತದಲ್ಲಿ ಭೂಸುಧಾರಣೆಯ ಅಧಿಕಾರಿಯೊಬ್ಬರ ಕೊಲೆಯಾಯಿತು.

ನಮ್ಮ ಊರಲ್ಲೂ ನೌಬಾದ್ ಕರೇಜ್ ಇದೆ. ಜಮೀನ್ದಾರ ಹೋದ ಮೇಲೆ ಇರಾನಿನ ಕರೇಜ್‌ಗಳನ್ನು ಯಾರು ನೋಡಿಕೊಂಡರು? (ಬೀದರಿನಿಂದ)

ಒಳ್ಳೆಯ ಪ್ರಶ್ನೆ, ಮತ್ತು ಸುಧಾರಣೆ ಎಡವಿದ ಜಾಗವೂ ಇದೇ. ನೆಲದೊಳಗಿನ ಸುರಂಗದಲ್ಲಿ ಇಳಿಜಾರಿನಿಂದಲೇ ನೀರು ಹರಿಸುವ ಈ ಕಾಲುವೆಗೆ ಇರಾನಿನಲ್ಲಿ ಕನಾತ್ ಎನ್ನುವುದೇ ಹೆಚ್ಚು. ಹೂಳು, ಕುಸಿತ ತೆಗೆಯಲು ಮುಕನ್ನಿ ಎಂಬ ನುರಿತ ಕೆಲಸಗಾರರು ಆಗಾಗ ಇಳಿಯಲೇಬೇಕು. ಅವರ ಕೂಲಿ ಸಾಮಾನ್ಯವಾಗಿ ಜಮೀನ್ದಾರನ ಜೇಬಿನಿಂದ ಬರುತ್ತಿತ್ತು. ಪುಣ್ಯಕ್ಕಲ್ಲ. ಭೂಮಿ, ನೀರು, ಬೀಜ, ಎತ್ತು, ದುಡಿಮೆ ಎಂದು ಬೆಳೆಯನ್ನು ಐದು ಪಾಲು ಮಾಡುವ ರೂಢಿಯಲ್ಲಿ ನೀರಿನ ಪಾಲು ಅವನಿಗೆ ಸೇರುತ್ತಿತ್ತು. ಐದರಲ್ಲಿ ದುಡಿಮೆಯೊಂದನ್ನೇ ಹಾಕಿದವನಿಗೆ ಲೆಕ್ಕದಂತೆ ಐದನೇ ಒಂದು ಪಾಲು ಮಾತ್ರ. ನಿಜವಾದ ಪಾಲು ಊರಿಂದೂರಿಗೆ ಬೇರೆ.

ನೀರು ಹಂಚಿಕೆಗೂ ಕಟ್ಟುನಿಟ್ಟಿನ ಕ್ರಮವಿತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಡುವುದು. ಅದು ತುಂಬಿ ಮುಳುಗಿದರೆ ಒಂದು ಎಣಿಕೆ. ಇಂಥವನಿಗೆ ಇಷ್ಟು ಬಟ್ಟಲು ನೀರು. ಹಲವು ಕಡೆ ರೈತರು ಬೋನೆ ಎಂಬ ತಂಡ ಕಟ್ಟಿಕೊಂಡು ಒಟ್ಟಿಗೆ ಉತ್ತು, ನೀರಿನ ಸರದಿ ಹಂಚಿಕೊಳ್ಳುತ್ತಿದ್ದರು.

ಜಮೀನ್ದಾರ ಹೋದ ಮೇಲೆ ಕನಾತ್ ರಿಪೇರಿ, ಬೀಜದ ಸಾಲ, ಬರಗಾಲದ ಕೈಗಡ ಎಲ್ಲ ಹೊಸ ಸಹಕಾರ ಸಂಘದ ತಲೆಗೆ ಬಂತು. ಲೆಕ್ಕ ಬರೆಯಲು ಬರುವ ಕಾರ್ಯದರ್ಶಿಗಳೇ ಸಾಲದು, ಬಂಡವಾಳ ಅದಕ್ಕಿಂತ ಕಡಿಮೆ. ಕೊಯ್ಲಿಗೆ ಮೊದಲೇ ಅಗ್ಗಕ್ಕೆ ಬೆಳೆ ಬರೆಸಿಕೊಳ್ಳುವ ಸಾಹುಕಾರ ಮೊದಲಿನಂತೆಯೇ ಉಳಿದ. ಇತ್ತ ದುಡ್ಡಿದ್ದವರು ಆಳದ ಬಾವಿ ಕೊರೆದು ಪಂಪು ಕೂರಿಸಿದರು. ಅಂತರ್ಜಲ ಇಳಿದರೆ ಕನಾತ್ ತಾನಾಗಿ ಒಣಗುತ್ತದೆ, ಅದಕ್ಕೆ ನೀರೆತ್ತುವ ಶಕ್ತಿಯಿಲ್ಲ.

ಮುಲ್ಲಾಗಳು ಭೂಸುಧಾರಣೆ ವಿರೋಧಿಸಿದ್ದಕ್ಕೇ ಗಲಭೆಯಾಯಿತು ಎನ್ನುತ್ತಾರೆ. ನಿಜವೇ? (ಮಂಗಳೂರಿನಿಂದ)

ಅರ್ಧ ಮಾತ್ರ. ಹಿರಿಯ ಧರ್ಮಗುರು ಆಯತೊಲ್ಲಾ ಬೊರೂಜೆರ್ದಿ 1960ರಲ್ಲೇ ಸಾರ್ವಜನಿಕವಾಗಿ ವಿರೋಧಿಸಿದ್ದರು, ಆದರೆ ಅವರು ಮಾರ್ಚ್ 1961ರಲ್ಲಿ ತೀರಿಕೊಂಡರು. ವಕ್ಫ್ ಜಮೀನು ಮೊದಲ ಹಂತದಲ್ಲಿ, ಅಂದರೆ 1962ರ ಕಾನೂನಿನಲ್ಲಿ, ಹೊರಗೇ ಇತ್ತು. ಜನವರಿ 1963ರ ಹೆಚ್ಚುವರಿ ಕಲಮುಗಳಲ್ಲಿ ಸಾರ್ವಜನಿಕ ವಕ್ಫ್ ಭೂಮಿಯನ್ನು ಉಳುವವರಿಗೆ 99 ವರ್ಷದ ಗುತ್ತಿಗೆಗೆ ಕೊಡಬೇಕೆಂದು ಬಂತು. ಜೂನ್ 1963ರ ದಂಗೆ ಧರ್ಮಗುರು ಖೊಮೇನಿ ಅವರ ಬಂಧನದಿಂದ ಸಿಡಿದದ್ದು. ಅವರ ಭಾಷಣಗಳಲ್ಲಿ ಶಾ ಅವರ ಸರ್ವಾಧಿಕಾರ, ವಿದೇಶಿ ಹಿಡಿತ, ಹೆಂಗಸರ ಮತದಾನದ ಪ್ರಶ್ನೆ ಇವೇ ಮುಂದಿದ್ದವು. ಅಷ್ಟೊತ್ತಿಗೆ ಅರ್ಸಂಜಾನಿ ಸಚಿವರೂ ಆಗಿರಲಿಲ್ಲ.

ಅಷ್ಟು ಜನಪ್ರಿಯ ಸಚಿವರನ್ನು ಯಾಕೆ ಕಳಿಸಿದರು? ಆಮೇಲೆ ಕಾನೂನು ಏನಾಯಿತು? (ಹುಬ್ಬಳ್ಳಿಯಿಂದ)

ಕಾರಣವನ್ನು ನಿಮ್ಮ ಪ್ರಶ್ನೆಯಲ್ಲೇ ಬರೆದಿದ್ದೀರಿ. ಜುಲೈ 1962ರಲ್ಲಿ ಬಜೆಟ್ ಜಗ್ಗಾಟದಲ್ಲಿ ಅಮೀನಿ ರಾಜೀನಾಮೆ ಕೊಟ್ಟರು. ಅಸದುಲ್ಲಾ ಅಲಮ್ ಸರಕಾರದಲ್ಲೂ ಅರ್ಸಂಜಾನಿ ಉಳಿದರು. ಜನವರಿ 1963ರಲ್ಲಿ ಅವರು ತೆಹ್ರಾನಿನಲ್ಲಿ ಗ್ರಾಮೀಣ ಸಹಕಾರ ಸಂಘಗಳ ದೊಡ್ಡ ಸಮ್ಮೇಳನ ಸೇರಿಸಿದರು. ಸಾವಿರಾರು ರೈತ ಪ್ರತಿನಿಧಿಗಳು ರಾಜಧಾನಿಗೆ ಬಂದರು. ಅದೇ ವೇದಿಕೆಯಲ್ಲಿ ಶಾ ತಮ್ಮ ಆರು ಅಂಶದ ‘ಶ್ವೇತ ಕ್ರಾಂತಿ’ ಪ್ರಕಟಿಸಿ, ಜನವರಿ 26ರಂದು ಜನಮತ ಪಡೆದರು. ಮೊದಲ ಅಂಶವೇ ಭೂಸುಧಾರಣೆ. ರೈತರ ಬಲ ಸಚಿವರ ಹಿಂದೆ ನಿಲ್ಲುವುದು ಅರಮನೆಗೆ ರುಚಿಸುವ ಮಾತಲ್ಲ. ಮಾರ್ಚ್‌ನಲ್ಲಿ ಅರ್ಸಂಜಾನಿ ಹೊರಬಿದ್ದರು, ಇಟಲಿಗೆ ರಾಯಭಾರಿಯಾದರು. ಅವರ ಕುರ್ಚಿಗೆ ಬಂದವರು ಒಬ್ಬ ಸೇನಾ ಜನರಲ್, ಇಸ್ಮಾಯಿಲ್ ರಿಯಾಹಿ.

ಎರಡನೇ ಹಂತ ಜಾರಿಯಾದದ್ದು 1965ರಲ್ಲಿ. ಮೊದಲ ಹಂತದಲ್ಲಿ ಮಾಲೀಕರಿಗೆ ಉಳಿದಿದ್ದ ಹಳ್ಳಿಗಳಿಗೆ ಇದು ಅನ್ವಯ. ಮಾಲೀಕನ ಮುಂದೆ ಐದು ದಾರಿ: 30 ವರ್ಷ ನಗದು ಗುತ್ತಿಗೆಗೆ ಕೊಡುವುದು, ಒಪ್ಪಿದ ಬೆಲೆಗೆ ರೈತರಿಗೆ ಮಾರುವುದು, ಬೆಳೆ ಪಾಲಿನ ಪ್ರಮಾಣದಲ್ಲೇ ಭೂಮಿ ಪಾಲು ಮಾಡುವುದು, ರೈತರೊಂದಿಗೆ ಜಂಟಿ ಘಟಕ ಮಾಡುವುದು, ಇಲ್ಲವೇ ರೈತರ ನಸಕ್ಕನ್ನೇ ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು. ಹೆಚ್ಚಿನವರು ಹಿಡಿದದ್ದು ಗುತ್ತಿಗೆ. ಮಾಲೀಕ ಮಾಲೀಕನಾಗಿಯೇ ಉಳಿದ.

ಇರಾನಿನ ದಾಖಲೆಗಳಲ್ಲಿ ಕಾನೂನಿನ ತಾರೀಕು ‘19 ದೇ 1340’ ಎಂದಿದೆ. ನಮ್ಮ ಲೆಕ್ಕಕ್ಕೆ ತರುವುದು ಹೇಗೆ? (ಮೈಸೂರಿನ ವಿದ್ಯಾರ್ಥಿಯಿಂದ)

ಅವರ ವರ್ಷ ಮಾರ್ಚ್ 21ರ ಸುಮಾರಿಗೆ ಆರಂಭವಾಗುತ್ತದೆ. ಮಾರ್ಚ್‌ನಿಂದ ಡಿಸೆಂಬರ್ ಕೊನೆಯವರೆಗಿನ ತಾರೀಕಾದರೆ 621 ಕೂಡಿಸಿ, ಜನವರಿಯಿಂದ ಮುಂದಿನ ಹೊಸ ವರ್ಷದವರೆಗಾದರೆ 622. ದೇ ಹತ್ತನೇ ತಿಂಗಳು, ಡಿಸೆಂಬರ್ 22ರ ಹೊತ್ತಿಗೆ ಶುರು. 19 ದೇ ಎಂದರೆ ಜನವರಿ 9, ಆದ್ದರಿಂದ 1340ಕ್ಕೆ 622 ಸೇರಿ 1962. ಜನಮತದ ‘6 ಬಹ್ಮನ್ 1341’ ಹಾಗೆಯೇ 1963ರ ಜನವರಿ 26. ಜೂನ್ ದಂಗೆಯ ‘15 ಖೊರ್ದಾದ್ 1342’ಕ್ಕೆ ಮಾತ್ರ 621 ಕೂಡಿಸಬೇಕು: 1963ರ ಜೂನ್ 5.